ಬೋಳಾಗಿದ್ದಕ್ಕೆಲ್ಲ ರೋಗ ಅನ್ನಬೇಡಿ

ಸಾಕಿದ ಟರಾಂಟುಲಾ (ಮೈತುಂಬ ರೋಮವಿರುವ ದೊಡ್ಡ ಜೇಡ) ಹೊಟ್ಟೆ ಬೋಳಾದರೆ ರೋಗದ ಲಕ್ಷಣ ಅಂತ ಬರೆದಿದ್ದೀರಿ. ನಾನು ಒಪ್ಪುವುದಿಲ್ಲ. ಅಮೆರಿಕ ಖಂಡಗಳ ಹಲವು ಜಾತಿಗಳು ಹೆದರಿದಾಗ ಹಿಂಗಾಲಿನಿಂದ ಹೊಟ್ಟೆ ಉಜ್ಜಿ, ತುರಿಕೆ ತರುವ ರೋಮ ಹಾರಿಸುತ್ತವೆ. ಮುಂದೆ ಪೊರೆ ಕಳಚುವವರೆಗೂ ಆ ಜಾಗ ಬೋಳೇ. ಪೊರೆ ಬಿಡುವ ಹೊತ್ತು ಹತ್ತಿರವಾದಾಗ ಆ ಬೋಳು ಜಾಗ ಕಪ್ಪಾಗುತ್ತದೆ, ಏಕೆಂದರೆ ಒಳಗೆ ಹೊಸ ರೋಮ ಬೆಳೆದಿರುತ್ತದೆ. ಸುಮ್ನೆ ಔಷಧಿ ಹುಡುಕುವ ಬದಲು ಜೇಡಕ್ಕೆ ಅಡಗಲು ಜಾಗ ಇದೆಯಾ, ಯಾರಾದರೂ ಪದೇ ಪದೇ ಕೈಗೆತ್ತಿಕೊಳ್ಳುತ್ತಿದ್ದಾರಾ ನೋಡಿ. ಆ ರೋಮ ಕಣ್ಣಿಗೆ ಬಿದ್ದರೆ ತೊಂದರೆ ಜಾಸ್ತಿ, ಮಕ್ಕಳಿರುವ ಮನೆಯಲ್ಲಿ ಹುಷಾರು.

ಇನ್ನೊಂದು ಮಾತು. ನಮ್ಮ ಮೂಡಿಗೆರೆ ಕಡೆಯ ಮರದ ಪೊಟರೆಗಳಲ್ಲಿ ಇರುವವೂ ಸೇರಿ ಭಾರತದ ಕಾಡಿನ ಟರಾಂಟುಲಾಗಳಿಗೆ ಈ ರೋಮವೇ ಇಲ್ಲ. ಅವು ಓಡುತ್ತವೆ, ಇಲ್ಲವೇ ಕಚ್ಚುತ್ತವೆ. ದಯವಿಟ್ಟು ಅವನ್ನು ಹಿಡಿದು ಡಬ್ಬಿಗೆ ಹಾಕಬೇಡಿ.