ದುಬಾರಿ ಪೆಟ್ರೋಲ್ ಹಾಕಿದರೆ ಮೈಲೇಜ್ ಬರುತ್ತಾ?

‘ಪ್ರೀಮಿಯಂ ಪೆಟ್ರೋಲ್ ಹಾಕಿದರೆ ಯಾವ ಕಾರಾದರೂ ಜಾಸ್ತಿ ಮೈಲೇಜ್ ಕೊಡುತ್ತದೆ’ ಎಂದು ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಒಪ್ಪುವುದು ಕಷ್ಟ. ಇಂಥ ಪೆಟ್ರೋಲಿನಲ್ಲಿ ಸಾಮಾನ್ಯವಾಗಿ ಜಾಸ್ತಿ ಇರುವುದು ಆಕ್ಟೇನ್ ಅಂಕಿ, ಅದು ಪೆಟ್ರೋಲಿನ ಶಕ್ತಿಯನ್ನು ಹೇಳುವುದಿಲ್ಲ. ಸಿಲಿಂಡರಿನ ಒತ್ತಡದಲ್ಲಿ ತಾನಾಗಿಯೇ ಹೊತ್ತಿಕೊಳ್ಳದೆ ಎಷ್ಟು ತಡೆದುಕೊಳ್ಳುತ್ತದೆ ಅನ್ನುವುದನ್ನಷ್ಟೇ ಹೇಳುತ್ತದೆ. 91 ಆಕ್ಟೇನ್ ಸಾಕು ಅನ್ನುವ ಎಂಜಿನ್‌ಗೆ 95 ಹಾಕಿದರೆ ಸುಮ್ನೆ ದುಡ್ಡು ದಂಡ. ಕಾರಿನ ಕಂಪನಿಯೇ 95 ಕೇಳಿದ್ದರೆ, ಕೆಲವು ಟರ್ಬೊ ಕಾರುಗಳಲ್ಲಿ ಹಾಗಿರುತ್ತದೆ, ಆಗ ಮಾತು ಬೇರೆ.

ಅದಿರಲಿ, ಈಗ ಬಂಕ್‌ಗಳಲ್ಲಿ ಸಿಗುವುದೇ ಇ20 (ಶೇ 20ರಷ್ಟು ಎಥನಾಲ್ ಬೆರೆಸಿದ ಪೆಟ್ರೋಲ್), ಅದರ ಬಗ್ಗೆ ಒಂದು ಸಾಲೂ ಇಲ್ಲವಲ್ಲ! ಎಥನಾಲ್‌ನಲ್ಲಿ ಪೆಟ್ರೋಲಿಗಿಂತ ಶಕ್ತಿ ಸುಮಾರು ಮೂರನೇ ಒಂದು ಭಾಗ ಕಡಿಮೆ. ಮೈಲೇಜ್ ಸ್ವಲ್ಪ ಇಳಿಯುವುದು ಅದಕ್ಕೇ ಅಲ್ವಾ? ಇ20ಗೆಂದು ಮಾಡಿರದ ರಬ್ಬರ್ ಭಾಗಗಳನ್ನು ಎಥನಾಲ್ ಕೆಡಿಸಬಹುದು, ಹಾಗಾಗಿ 2023ಕ್ಕಿಂತ ಹಳೆಯ ಕಾರಿದ್ದವರು ಸರ್ವೀಸ್‌ಗೆ ಬಿಟ್ಟಾಗ ಪೆಟ್ರೋಲ್ ಪೈಪ್, ರಬ್ಬರ್ ಸೀಲ್‌ಗಳನ್ನು ಒಮ್ಮೆ ನೋಡಿಸಿ. ಯಾವ ಪೆಟ್ರೋಲ್ ಎಂಬುದಕ್ಕೆ ಬಂಕ್ ಹುಡುಗರನ್ನು ಕೇಳಬೇಡಿ, ಕಾರಿನ ಮ್ಯಾನ್ಯುಯಲ್ ತೆಗೆದು ನೋಡಿ.