ಸಾಲು ಶುರುವಾಗುವುದು ಗೇಟಿನ ಆಚೆ

ಅಮ್ಮನಿಗೆ ಸಕ್ಕರೆ ಕಾಯಿಲೆ. ತಿಂಗಳಿಗೊಮ್ಮೆ ತಾಲ್ಲೂಕು ಆಸ್ಪತ್ರೆಗೆ ಹೋಗಿ ರಕ್ತ ಕೊಟ್ಟು, ಡಾಕ್ಟರಿಗೆ ತೋರಿಸಿ, ಮಾತ್ರೆ ತರಬೇಕು. ಕಳೆದ ತಿಂಗಳು ರಜೆ ಹಾಕಿ ನಾನೂ ಜೊತೆಗೆ ಹೋಗಿದ್ದೆ. ಬೆಳಗ್ಗೆ ಏಳೂವರೆಗೆ ಗೇಟು ದಾಟಿದವರು ಹೊರಗೆ ಬಂದಾಗ ಮಧ್ಯಾಹ್ನ ಒಂದು ಗಂಟೆ. ಈ ಐದೂವರೆ ಗಂಟೆಯಲ್ಲಿ ಡಾಕ್ಟರು ಅಮ್ಮನನ್ನು ನೋಡಿದ್ದು ಎರಡು ಸಲ ಸೇರಿಸಿ ಹತ್ತು ನಿಮಿಷ. ಡಾಕ್ಟರನ್ನು ದೂರುವಂತೆಯೂ ಇರಲಿಲ್ಲ. ಅವರು ಕುರ್ಚಿ ಬಿಟ್ಟು ಎದ್ದದ್ದನ್ನೇ ನಾನು ನೋಡಲಿಲ್ಲ.

ನನ್ನ ಹೊಟ್ಟೆಪಾಡೇ ಸಾಲುಗಳ ಲೆಕ್ಕ. ಕಾರ್ಖಾನೆಯಲ್ಲಿ ಯಾವ ಯಂತ್ರದ ಮುಂದೆ ಎಷ್ಟು ಮಾಲು ಎಷ್ಟು ಹೊತ್ತು ಕಾದಿರುತ್ತದೆ, ಒಂದು ಯಂತ್ರವನ್ನು ಆಚೆಗಿಟ್ಟರೆ ಏನಾಗುತ್ತದೆ ಎಂಬುದನ್ನು ಕಂಪ್ಯೂಟರಿನಲ್ಲಿ ಮೊದಲೇ ನಡೆಸಿ ನೋಡುತ್ತೇವೆ. ಸಿಮ್ಯುಲೇಷನ್ ಎಂದರೆ ಅದೇ. ಹದಿನೈದು ವರ್ಷ ಕಬ್ಬಿಣದ ಬಿಡಿಭಾಗಗಳು ಕಾಯುವುದನ್ನು ನಿಮಿಷ ನಿಮಿಷಕ್ಕೂ ಬರೆದಿಟ್ಟಿದ್ದೇನೆ. ಖಾಲಿ ಹೊಟ್ಟೆಯಲ್ಲಿ ಗೋಡೆಗೊರಗಿ ನಿಂತಿದ್ದ ಅಮ್ಮನ ಐದೂವರೆ ಗಂಟೆಯನ್ನು ಮಾತ್ರ ಯಾರೂ ಎಲ್ಲಿಯೂ ಬರೆದಿಟ್ಟಿಲ್ಲ. ಅದು ನನ್ನನ್ನು ಬಹಳ ನೋಯಿಸಿತು.

‘ಇನ್ನೊಬ್ಬ ಡಾಕ್ಟರನ್ನು ಹಾಕಿದರೆ ಸರಿಹೋಗುತ್ತದೆ’ ಎಂದು ಸಾಲಿನಲ್ಲಿ ಎಲ್ಲರೂ ಹೇಳುತ್ತಿದ್ದರು. ನಾನೂ ಹಾಗೆಯೇ ಹೇಳುತ್ತಿದ್ದೆನೇನೋ. ಆದರೆ ಸಾಲಿನ ಸ್ವಭಾವ ನಮ್ಮ ಅಂದಾಜಿಗೆ ಸಿಗುವಂಥದ್ದಲ್ಲ. ಡಾಕ್ಟರು ಒಬ್ಬರಿಗೆ ಸರಾಸರಿ ಐದು ನಿಮಿಷದಂತೆ ಗಂಟೆಗೆ 12 ಜನರನ್ನು ನೋಡಬಲ್ಲರು ಎಂದುಕೊಳ್ಳಿ. ಜನ ಬರುವುದಕ್ಕೆ ನಿಗದಿಯಿಲ್ಲ, ಒಬ್ಬರಿಗೆ ಎರಡೇ ನಿಮಿಷ ಸಾಕು, ಇನ್ನೊಬ್ಬರಿಗೆ ಹದಿನೈದು ಬೇಕು. ಪಠ್ಯಪುಸ್ತಕದ ಸರಳ ಸೂತ್ರದ ಪ್ರಕಾರ, ಗಂಟೆಗೆ 9 ಜನ ಬರುತ್ತಿದ್ದರೆ ಒಬ್ಬರು ಸರಾಸರಿ 15 ನಿಮಿಷ ಕಾಯುತ್ತಾರೆ. 10 ಜನ ಬಂದರೆ 25 ನಿಮಿಷ. 11 ಜನ ಬಂದರೆ 55 ನಿಮಿಷ. ಎರಡು ಗಂಟೆಗಳ ಅವಧಿಯಲ್ಲಿ 23 ಜನ, ಅಂದರೆ ಗಂಟೆಗೆ ಹನ್ನೊಂದೂವರೆಯಂತೆ ಬಂದರೆ 115 ನಿಮಿಷ! ಡಾಕ್ಟರು ಆಗಲೂ ಎಲ್ಲರನ್ನೂ ನೋಡಿ ಮುಗಿಸಬಲ್ಲರು, ಲೆಕ್ಕದಲ್ಲಿ ಅವರಿಗೆ ಇನ್ನೂ ಸ್ವಲ್ಪ ಬಿಡುವೂ ಇದೆ. ಆದರೂ ಸಾಲು ಹನುಮಂತನ ಬಾಲದಂತೆ ಬೆಳೆಯುತ್ತದೆ. ನಮ್ಮ ಸರಕಾರಿ ಆಸ್ಪತ್ರೆಗಳು ನಡೆಯುವುದು ಈ ಅಂಚಿನಲ್ಲೇ. ಅಂಚಿನಲ್ಲಿರುವ ಸಾಲಿಗೆ ಒಂದಿಷ್ಟು ಭಾರ ಕೂಡಿದರೂ ಅನಾಹುತ, ಒಂದಿಷ್ಟು ಇಳಿದರೂ ದೊಡ್ಡ ನೆಮ್ಮದಿ.

ಅಂದೇ ಅಮ್ಮನ ಔಷಧದ ಚೀಟಿಯ ಹಿಂದೆ ಸಮಯ ಬರೆಯಲು ಶುರು ಮಾಡಿದೆ. ಮುಂದಿನ ವಾರ ನೋಟ್‌ಬುಕ್ ಹಿಡಿದು ಮತ್ತೆ ಎರಡು ದಿನ ಹೋದೆ. ಆಸ್ಪತ್ರೆಯ ಒಪ್ಪಿಗೆ ಪಡೆದು, ಯಾರ ಹೆಸರನ್ನೂ ಬರೆದುಕೊಳ್ಳದೆ, ಬಂದದ್ದು ಎಷ್ಟು ಹೊತ್ತಿಗೆ, ಚೀಟಿ ಸಿಕ್ಕಿದ್ದು ಎಷ್ಟು ಹೊತ್ತಿಗೆ, ಒಳಗೆ ಹೋದದ್ದು, ಹೊರಗೆ ಬಂದದ್ದು, ಇಷ್ಟೇ. ರಿಜಿಸ್ಟರ್ ನೋಡಿದರೆ ಸಾಕಲ್ಲ ಎಂದು ಗೆಳೆಯರೊಬ್ಬರು ಕೇಳಿದರು. ರಿಜಿಸ್ಟರ್ ಪ್ರಕಾರ ಬೆಳಗ್ಗೆ ಒಂಬತ್ತಕ್ಕೆ ಮೊದಲು ಆಸ್ಪತ್ರೆಯಲ್ಲಿ ಒಬ್ಬ ರೋಗಿಯೂ ಇರುವುದಿಲ್ಲ, ಏಕೆಂದರೆ ಚೀಟಿಯ ಕಿಟಕಿ ತೆರೆಯುವುದೇ ಒಂಬತ್ತಕ್ಕೆ. ಅದಕ್ಕೂ ಮೊದಲು ನಿಂತವರ ಹೊತ್ತು ಕಾಗದದ ಮೇಲೆ ಇಲ್ಲವೇ ಇಲ್ಲ. ಹನ್ನೆರಡರ ಹೊತ್ತಿಗೆ, ಕೂಲಿ ಹೋಗುತ್ತದೆಂದೋ ಮಗುವನ್ನು ಶಾಲೆಯಿಂದ ಕರೆತರಬೇಕೆಂದೋ ಡಾಕ್ಟರನ್ನು ನೋಡದೆಯೇ ಎದ್ದು ಹೋದವರೂ ಅದರಲ್ಲಿಲ್ಲ. ಅವರು ಚೀಟಿ ಪಡೆದದ್ದಷ್ಟೇ ದಾಖಲೆ. ಇಂಥ ರಿಜಿಸ್ಟರನ್ನು ನಂಬಿ ಮಾಡಿದ ಸಿಮ್ಯುಲೇಷನ್ ‘ಎಲ್ಲವೂ ಚೆನ್ನಾಗಿದೆ’ ಎಂದೇ ಹೇಳುತ್ತದೆ. ಬಣ್ಣಬಣ್ಣದ ನಕ್ಷೆಯೊಂದಿಗೆ ಹೇಳುವುದರಿಂದ ನಾವು ಅದನ್ನು ನಂಬಿಯೂ ಬಿಡುತ್ತೇವೆ.

ಇದೇನೂ ಹೊಸ ವಿದ್ಯೆಯಲ್ಲ. 1909ರಲ್ಲೇ ಕೋಪನ್‌ಹೇಗನ್ನಿನ ಎರ್ಲಾಂಗ್ ಎಂಬ ಗಣಿತಜ್ಞ ಟೆಲಿಫೋನ್ ಕರೆಗಳು ಬರುವ ಬಗೆಯನ್ನು ಗಣಿತಕ್ಕೆ ಇಳಿಸಿದ್ದ. 1952ರಲ್ಲಿ ಇಂಗ್ಲೆಂಡಿನ ನಾರ್ಮನ್ ಬೇಲಿ ಆಸ್ಪತ್ರೆಯ ಹೊರರೋಗಿಗಳ ಸಾಲನ್ನೇ ಕೈಗೆತ್ತಿಕೊಂಡ. ಯಾದೃಚ್ಛಿಕ ಸಂಖ್ಯೆಗಳನ್ನು, ಎಂದರೆ ದಾಳ ಉರುಳಿಸಿದಂತೆ ಗೊತ್ತುಗುರಿಯಿಲ್ಲದೆ ಬರುವ ಸಂಖ್ಯೆಗಳನ್ನು, ಬಳಸಿ ಕಾಗದದ ಮೇಲೆಯೇ ಕಾಲ್ಪನಿಕ ರೋಗಿಗಳನ್ನು ಕಳುಹಿಸಿ, ಕಾಲ್ಪನಿಕ ಡಾಕ್ಟರಿಂದ ನೋಡಿಸಿ, ಲೆಕ್ಕ ಹಾಕಿದ. ಬಾಗಿಲು ತೆರೆಯುವ ಹೊತ್ತಿಗೆ ಇಬ್ಬರನ್ನು ಕರೆಯಿರಿ, ಆಮೇಲೆ ಒಂದು ತಪಾಸಣೆಗೆ ಸರಾಸರಿ ಎಷ್ಟು ನಿಮಿಷ ಹಿಡಿಯುತ್ತದೋ ಅಷ್ಟು ನಿಮಿಷಕ್ಕೊಬ್ಬರಂತೆ ಕರೆಯಿರಿ ಎಂಬುದು ಅವನ ಸಲಹೆ. ಡಾಕ್ಟರು ಒಂದು ನಿಮಿಷವೂ ಖಾಲಿ ಕೂರಬಾರದು ಎಂಬ ಆತಂಕಕ್ಕೆ ರೋಗಿಗಳು ಗಂಟೆಗಟ್ಟಲೆ ತೆರುತ್ತಿದ್ದಾರೆ ಎಂಬುದನ್ನು ಆತ ಆಗಲೇ ತೋರಿಸಿಕೊಟ್ಟಿದ್ದ. ಎಪ್ಪತ್ತು ವರ್ಷಗಳ ಮೇಲಾಯಿತು. ನಮ್ಮಲ್ಲಿ ಇನ್ನೂ ಎಲ್ಲರನ್ನೂ ಒಂಬತ್ತಕ್ಕೇ ಕರೆಯುತ್ತೇವೆ.

ಒಂಬತ್ತಕ್ಕೆ 60 ಜನ ಒಟ್ಟಿಗೆ ನಿಂತರೆ, ಐದು ನಿಮಿಷಕ್ಕೊಬ್ಬರಂತೆ ನೋಡಿದರೂ ಒಬ್ಬರು ಸರಾಸರಿ ಸುಮಾರು ಎರಡೂವರೆ ಗಂಟೆ ಕಾಯುತ್ತಾರೆ. ಎರಡನೆಯ ಡಾಕ್ಟರು ಬಂದರೂ ಒಂದೂಕಾಲು ಗಂಟೆಯ ಹತ್ತಿರ. ಅದೇ 60 ಜನ ಗಂಟೆಗೆ 10ರಂತೆ ಹಂಚಿಕೊಂಡು ಬಂದರೆ, ಒಬ್ಬರೇ ಡಾಕ್ಟರಿದ್ದರೂ ಸರಾಸರಿ 25 ನಿಮಿಷ ದಾಟುವುದಿಲ್ಲ. ಹಾಗಾದರೆ ಎಲ್ಲರಿಗೂ ಸಮಯ ಬರೆದ ಟೋಕನ್ ಕೊಟ್ಟುಬಿಡಿ ಎಂದು ಬರೆಯಲು ನಾನು ತಯಾರಾಗಿದ್ದೆ. ತಡೆದದ್ದು ಆಸ್ಪತ್ರೆಯ ಆಯಾ. ಬಕೆಟ್ ಕೆಳಗಿಟ್ಟು ಬಂದು, “ಏನಪ್ಪಾ, ಆಗಿನಿಂದ ತಲೆ ಎಣಿಸುತ್ತಿದ್ದೀಯಲ್ಲ?” ಎಂದು ಕೇಳಿದರು. ವಿವರಿಸಿದೆ. “ಮೇಲಿನ ಹಳ್ಳಿಗಳವರಿಗೆ ಇರುವುದು ಎಂಟೂಕಾಲಿನ ಬಸ್ಸು. ಅದು ತಪ್ಪಿದರೆ ಹನ್ನೊಂದಕ್ಕೆ. ಹತ್ತು ಗಂಟೆಗೆ ಬಾ ಎಂದರೆ ಹಾರಿಕೊಂಡು ಬರುತ್ತಾರಾ?” ಎಂದರು.

ನೋಟ್‌ಬುಕ್ ತಿರುವಿ ನೋಡಿದೆ. ಎಂಟೂಕಾಲರಿಂದ ಎಂಟೂವರೆಯ ನಡುವೆ ಗೀಟುಗಳು ಒತ್ತಾಗಿ, ಬಾಚಣಿಗೆಯ ಹಲ್ಲಿನಂತೆ ಬಿದ್ದಿದ್ದವು. ನಾನೇ ಎಳೆದ ಗೀಟುಗಳು. ನನಗೆ ಅದರಲ್ಲಿ ಬಸ್ಸು ಕಂಡಿರಲಿಲ್ಲ.

ಸೂತ್ರ ಬಿಟ್ಟು ಸಿಮ್ಯುಲೇಷನ್ನಿಗೆ ಹೋಗಬೇಕಾಗುವುದು ಇಂಥ ಕಡೆಯೇ. ಬಸ್ಸಿನಲ್ಲಿ ಬರುವ ಗುಂಪು, ಪೇಟೆಯಿಂದ ನಡೆದು ಬರುವವರು, ಒಬ್ಬರೇ ಲ್ಯಾಬ್ ಟೆಕ್ನಿಷಿಯನ್, ಮಾತ್ರೆ ಕೊಡುವ ಒಂದೇ ಕಿಟಕಿ, ಇವೆಲ್ಲ ಒಂದು ಸೂತ್ರದಲ್ಲಿ ಹಿಡಿಯುವುದಿಲ್ಲ. ಕಂಪ್ಯೂಟರಿನಲ್ಲಾದರೆ ಒಬ್ಬೊಬ್ಬ ರೋಗಿಯನ್ನೂ ಗೇಟಿನಿಂದ ಒಳಗೆ ಬಿಟ್ಟು ಬೆನ್ನು ಹತ್ತಬಹುದು. ಅದರೊಳಗಿನ ಗಡಿಯಾರ ಟಿಕ್ ಟಿಕ್ ಎನ್ನುವುದಿಲ್ಲ, ಒಂದು ಘಟನೆಯಿಂದ ಮುಂದಿನ ಘಟನೆಗೆ ಜಿಗಿಯುತ್ತದೆ: ಬಸ್ಸು ಬಂತು, ಚೀಟಿ ಬರೆದಾಯಿತು, ಡಾಕ್ಟರ ಬಾಗಿಲು ತೆರೆಯಿತು. ಆರು ಗಂಟೆಗಳಷ್ಟು ಉದ್ದದ ಬೆಳಗು ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ಅಂಥ ಸಾವಿರ ಬೆಳಗುಗಳನ್ನು ನಡೆಸಬಹುದು. ತಪ್ಪು ಮಾಡಿದರೆ ಯಾರ ಕಾಲೂ ನೋಯುವುದಿಲ್ಲ. ಬದಲಾವಣೆಯನ್ನು ನೇರವಾಗಿ ಜನರ ಮೇಲೆ ಪ್ರಯೋಗಿಸಿ, ಸರಿಹೋಗದಿದ್ದರೆ ಇನ್ನೊಂದು ಸುತ್ತೋಲೆ ಹೊರಡಿಸುವ ನಮ್ಮ ಅಭ್ಯಾಸ ಕ್ರೂರವಾದದ್ದು ಎಂದು ನಾನು ಕಟ್ಟುನಿಟ್ಟಾಗಿ ಹೇಳುತ್ತೇನೆ. ಇದು ನಮ್ಮ ಕೈಗೆಟುಕದ ವಿದ್ಯೆಯೂ ಅಲ್ಲ. 2020ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಸೇರಿ ಆ ಎರಡೂ ನಗರಗಳನ್ನು ಮನೆ, ಶಾಲೆ, ಕಚೇರಿ, ಓಡಾಟ ಸಮೇತ ಕಂಪ್ಯೂಟರಿನೊಳಗೆ ಕಟ್ಟಿ, ಯಾವ ನಿರ್ಬಂಧದಿಂದ ಕೋವಿಡ್ ಹೇಗೆ ಹರಡೀತು ಎಂದು ನೋಡಿದ್ದರು. ನಗರವನ್ನೇ ಹಿಡಿದಿಟ್ಟವರಿಗೆ ತಾಲ್ಲೂಕು ಆಸ್ಪತ್ರೆಯೊಂದರ ಮೂರು ಕಿಟಕಿ ಹೆಚ್ಚೇ?

ನಮ್ಮ ಆಸ್ಪತ್ರೆಯನ್ನು ಹೀಗೆ ಕಂಪ್ಯೂಟರಿನಲ್ಲಿ ಕಟ್ಟಿಕೊಂಡ ನನ್ನ ಪುಟ್ಟ ಮಾದರಿಯಲ್ಲಿ ಮೊದಲು ಎರಡನೆಯ ಡಾಕ್ಟರನ್ನು ಹಾಕಿ ನೋಡಿದೆ. ಡಾಕ್ಟರ ಬಾಗಿಲಿನ ಗುಂಪು ಹಾಗೆಯೇ ಎದ್ದು ಹೋಗಿ ಮಾತ್ರೆಯ ಕಿಟಕಿಯ ಮುಂದೆ ನಿಂತಿತು. ಆಮೇಲೆ ಅಮ್ಮನ ದಾರಿಯನ್ನೇ ಹಿಡಿದು ನೋಡಿದೆ. ಚೀಟಿ, ಡಾಕ್ಟರು, ರಕ್ತ ಪರೀಕ್ಷೆಗೆ ಬರೆಸಿಕೊಳ್ಳುವುದು, ಲ್ಯಾಬು, ವರದಿ ಹಿಡಿದು ಮತ್ತೆ ಅದೇ ಡಾಕ್ಟರ ಸಾಲಿನ ಕೊನೆಗೆ. ತಿಂಗಳು ತಿಂಗಳೂ ಬರುವ ಸಕ್ಕರೆ ಕಾಯಿಲೆಯವರೆಲ್ಲ ಒಂದೇ ಸಾಲಿನಲ್ಲಿ ಎರಡು ಸಲ ನಿಲ್ಲುತ್ತಿದ್ದಾರೆ. ಮೊದಲ ಸಲ ಡಾಕ್ಟರು ಮಾಡುವುದು ‘ಸಕ್ಕರೆ ಪರೀಕ್ಷೆ’ ಎಂದು ಬರೆದುಕೊಡುವ ಕೆಲಸ ಮಾತ್ರ. ಹಳೆಯ ರೋಗಿಗಳು ಬೆಳಗ್ಗೆ ಬಂದವರೇ ನೇರವಾಗಿ ಲ್ಯಾಬಿಗೆ ರಕ್ತ ಕೊಟ್ಟು, ತಿಂಡಿ ತಿಂದು, ವರದಿಯೊಂದಿಗೆ ಒಂದೇ ಸಲ ಡಾಕ್ಟರನ್ನು ಕಾಣಲಿ ಎಂದು ಬದಲಿಸಿದೆ. ಆ ಒಂದಿಷ್ಟು ಭಾರ ಇಳಿದದ್ದೇ ತಡ, ಸಾಲು ಕರಗಿತು. ಬಸ್ಸಿನ ಗುಂಪಿಗೆ ಮೊದಲ ಪಾಳಿ, ಪೇಟೆಯವರಿಗೆ ಹತ್ತೂವರೆಯ ನಂತರ ಎಂದು ಮಾಡಿದಾಗ ಇನ್ನಷ್ಟು ಕರಗಿತು. ಹೊಸ ಹುದ್ದೆ ಬೇಕಾಗಲಿಲ್ಲ, ಹೊಸ ಕಟ್ಟಡ ಬೇಕಾಗಲಿಲ್ಲ.

ಇದನ್ನು ಆಸ್ಪತ್ರೆಯ ಮುಖ್ಯ ವೈದ್ಯರಿಗೆ ತೋರಿಸಿದೆ. ತಾಳ್ಮೆಯಿಂದ ನೋಡಿದರು. “ಕಂಪ್ಯೂಟರ್ ಹೇಳಿತು ಎಂದು ನಂಬಿಬಿಡಬೇಕೇ?” ಎಂದು ಕೇಳಿದರು. ಆ ಪ್ರಶ್ನೆ ಕೇಳಿದ್ದಕ್ಕೇ ಅವರ ಮೇಲಿನ ಗೌರವ ಹೆಚ್ಚಿತು. ನಂಬಬೇಡಿ ಎಂದೆ. ಮೊದಲು ಈಗಿನ ವ್ಯವಸ್ಥೆಯನ್ನೇ ಮಾದರಿಯಲ್ಲಿ ನಡೆಸಿ, ನೋಟ್‌ಬುಕ್ಕಿನ ಗೀಟುಗಳೊಂದಿಗೆ ಹೋಲಿಸಿ ತೋರಿಸಿದೆ. ಬೆಳಗಿನ ಹೊತ್ತು ಚೆನ್ನಾಗಿ ಹೊಂದುತ್ತಿತ್ತು, ಹನ್ನೆರಡರ ನಂತರ ಹೊಂದುತ್ತಿರಲಿಲ್ಲ. ಅಪಘಾತದ ಪ್ರಕರಣ ಬಂದಾಗ ಡಾಕ್ಟರು ಎದ್ದು ಹೋಗುವುದನ್ನು ನೀವು ಸೇರಿಸಿಯೇ ಇಲ್ಲವಲ್ಲ ಎಂದು ಅವರೇ ಕಾರಣ ಹೇಳಿದರು. ಅಮ್ಮನ ಜೊತೆ ಹೋದ ದಿನ ಅಂಥದ್ದು ನಡೆದಿರಲಿಲ್ಲ, ಹಾಗಾಗಿ ನನಗೆ ಅದು ಹೊಳೆದಿರಲಿಲ್ಲ. ಆ ರಾತ್ರಿ ಕೂತು ಅದನ್ನೂ ಸೇರಿಸಿದೆ. ಸಾಲು ಮೊದಲಿನಷ್ಟು ಕರಗಲಿಲ್ಲ, ಆದರೂ ಈಗಿರುವುದಕ್ಕಿಂತ ಎಷ್ಟೋ ಮೇಲು.

ವಾರದಲ್ಲಿ ಒಂದು ದಿನ, ಗುರುವಾರ, ಸಕ್ಕರೆ ಕಾಯಿಲೆಯವರಿಗೆ ಮಾತ್ರ ಹೀಗೆ ಮಾಡಿ ನೋಡಲು ಅವರು ಒಪ್ಪಿದ್ದಾರೆ. ಬರುವ ಗುರುವಾರ ಮೊದಲನೆಯದು. ಮಾದರಿ ಹೇಳಿದ್ದನ್ನು ಈಗಲೇ ಬರೆದು ಒಂದು ಪ್ರತಿಯನ್ನು ಅವರ ಮೇಜಿನ ಮೇಲಿಟ್ಟಿದ್ದೇನೆ, ಆಮೇಲೆ ತಿದ್ದಲು ಬಾರದಂತೆ. ಬೆಳಗ್ಗೆ ಏಳಕ್ಕೆ ನಾನು ಗೇಟಿನಲ್ಲಿರುತ್ತೇನೆ. ಎಂಟೂಕಾಲಿನ ಬಸ್ಸಿನವರನ್ನು ತಾನೇ ಎಣಿಸುವುದಾಗಿ ಆಯಾ ಹೇಳಿದ್ದಾರೆ. ಬೇರೆ ತಾಲ್ಲೂಕುಗಳ ಗೆಳೆಯರು ಒಂದು ಬೆಳಗು ನಿಮ್ಮೂರ ಆಸ್ಪತ್ರೆಯ ಗೇಟಿನಲ್ಲಿ ನಿಂತು ಯಾವ ಹೊತ್ತಿಗೆ ಎಷ್ಟು ಜನ ಬರುತ್ತಾರೆ, ಎಷ್ಟು ಜನ ಡಾಕ್ಟರನ್ನು ನೋಡದೆ ಹೋಗುತ್ತಾರೆ ಎಂದು ಎಣಿಸಿ ಕಳುಹಿಸಿದರೆ, ಆ ಆಸ್ಪತ್ರೆಯ ಮಾದರಿಯನ್ನೂ ಮಾಡಿಕೊಡುತ್ತೇನೆ. ಹೆಸರು, ಕಾಯಿಲೆ ಯಾವುದೂ ಬೇಡ, ಗೀಟುಗಳು ಸಾಕು. ಬಸ್ಸಿನ ವೇಳಾಪಟ್ಟಿಯನ್ನು ಮಾತ್ರ ಮರೆಯದೆ ಸೇರಿಸಿ.