ಸತ್ಯಾಂಶ: ಎಲ್ಲರಿಗೂ 200 ಯೂನಿಟ್ ಕರೆಂಟ್ ಉಚಿತವೇ?

'ಗೃಹಜ್ಯೋತಿಯಲ್ಲಿ ಎಲ್ಲರಿಗೂ 200 ಯೂನಿಟ್ ಉಚಿತ, ಬಿಲ್ ಬಂದರೆ ಕಟ್ಟಬೇಡಿ' ಎಂದು ರಾಜ್ಯ ಸರ್ಕಾರದ ಉಚಿತ ಕರೆಂಟ್ ಯೋಜನೆ ಬಗ್ಗೆ ಒಂದು ಮೆಸೇಜ್ ವಾಟ್ಸಾಪಲ್ಲಿ ಓಡಾಡುತ್ತಿದೆ. ಇದು ತಪ್ಪು.

200 ಎಂಬುದು ಗರಿಷ್ಠ ಮಿತಿ ಮಾತ್ರ. 2022-23ರಲ್ಲಿ ತಿಂಗಳಿಗೆ ಸರಾಸರಿ ಎಷ್ಟು ಬಳಸಿದ್ದಿರೋ, ಸಾಮಾನ್ಯವಾಗಿ ಅದಕ್ಕೆ ಶೇ. 10 ಸೇರಿಸಿದರೆ ನಿಮ್ಮ ಉಚಿತ ಪಾಲು. ದಾವಣಗೆರೆಯ ನಿಟುವಳ್ಳಿಯಲ್ಲಿ ಒಂದು ಮನೆ, ಸರಾಸರಿ 80 ಯೂನಿಟ್ ಎನ್ನಿ. ಅವರಿಗೆ 88 ಉಚಿತ. ಈ ತಿಂಗಳು 100 ಉರಿದರೆ ಮೇಲಿನ 12 ಯೂನಿಟ್‌ಗೆ ದುಡ್ಡು ಕಟ್ಟಬೇಕು, ಅದರ ತೆರಿಗೆಯೂ ಸೇರಿ. ನಮ್ಮೂರ ಬೇಸಿಗೆಯಲ್ಲಿ ಕೂಲರ್ ಹಗಲು ರಾತ್ರಿ ಓಡುತ್ತದೆ ಅಲ್ವಾ, ಆಗಲೇ ಹೀಗಾಗುವುದು ಜಾಸ್ತಿ. 200 ದಾಟಿದರಂತೂ ನಿಗದಿತ ಶುಲ್ಕದ ಸಮೇತ ಇಡೀ ಬಿಲ್ ನಿಮ್ಮದೇ.

ಸುಮ್ನೆ ಮೆಸೇಜ್ ನಂಬಿ ಬಾಕಿ ಬೆಳೆಸಿಕೊಳ್ಳಬೇಡಿ. ಮಕ್ಕಳ ಪರೀಕ್ಷೆ ಹೊತ್ತಲ್ಲಿ ಕರೆಂಟ್ ಕಟ್ ಆದರೆ ತುಂಬಾ ಕಷ್ಟ. ಅನುಮಾನವಿದ್ದರೆ ಬೆಸ್ಕಾಂ ಸಹಾಯವಾಣಿ 1912ಕ್ಕೆ ಕರೆ ಮಾಡಿ ಕೇಳಿ.